ಮೂಲೆಗೆ ಬಂದ ಬೆಳಕು

ಗೋಣಿಕೊಪ್ಪ ಬಸ್ ಸ್ಟ್ಯಾಂಡಿನ ಹಿಂದೆ, ಟೈಲರ್ ಅಂಗಡಿಯ ಮೇಲೆ
ನನ್ನ ಸ್ಟುಡಿಯೋದ ಕತ್ತಲೆ ಕೋಣೆ.
ಫಿಲಂ ತೊಳೆಯುವ ಬಾನಿಯಿದ್ದ ಜಾಗದಲ್ಲಿ
ಈಗ ಮೂರಡಿ ಉದ್ದದ ಸಮುದ್ರ.

ಉಪ್ಪು ಪ್ಯಾಕೆಟ್ಟಿನದು, ನೀರು ಫಿಲ್ಟರಿನದು,
ಅಲೆ ಒಂದು ಪುಟ್ಟ ಮೋಟರಿನದು.
ಹವಳ ಮಾತ್ರ ಹವಳವೇ.
ಕಣ್ಣೂರಿನ ಮೊಯ್ದು ತನ್ನ ತೊಟ್ಟಿಯಲ್ಲಿ ಚಿಗುರಿಸಿದ
ಹೆಬ್ಬೆರಳ ಉಗುರಿನಷ್ಟು ತುಂಡುಗಳು,
ಮಾಕುಟ್ಟ ಘಾಟಿ ಹತ್ತುವಾಗ ನನ್ನ ತೊಡೆಯ ಮೇಲೆ
ಥರ್ಮಾಸಿನೊಳಗೆ ಕುಲುಕುತ್ತ ಬಂದವು.

ಅಜ್ಜಿಯ ಕೊರಳಲ್ಲೂ ಪವಳದ ಸರವಿತ್ತು.
ಅದಕ್ಕೊಮ್ಮೆ ಜೀವವಿತ್ತೆಂದು ಯಾರೂ ಹೇಳಿರಲಿಲ್ಲ.

ಒಂದೇ ದೀಪ ತೂಗುಹಾಕಿದ್ದೆ, ನಟ್ಟನಡುವೆ.
ಎರಡೇ ತಿಂಗಳಿಗೆ
ನಡುವಿನದು ಸುಣ್ಣ ಬಳಿದ ಹಾಗೆ.
ಮೂಲೆಯವು ಕಂದು ಹಿಡಿದು
ಕತ್ತು ಉದ್ದ ಮಾಡಿ ಒಳಗೆ ವಾಲಿದವು
ಗ್ರೂಪ್ ಫೋಟೋದಲ್ಲಿ ತುದಿಗೆ ನಿಂತ ಹುಡುಗರ ಹಾಗೆ.

ನಾಚಿಕೆಯಾಯಿತು.
ಮೂವತ್ತೊಂದು ವರ್ಷ ಬೆಳಕು ಮಾರಿ ಉಂಡವಳು ನಾನು,
ಮದುಮಗಳ ಮೂಗಿನ ನೆರಳು ಮೀಸೆಯಾಗದಂತೆ
ಕೊಡೆ ತಿರುಗಿಸಿದವಳು.

ಹಳೆಯ ಲೈಟ್ ಮೀಟರಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ
ಮೊಣಕೈವರೆಗೆ ಉಪ್ಪುನೀರಿಗೆ ಇಳಿದೆ.
ನಡುವಲ್ಲಿ ಮುಳ್ಳು ತುದಿಗೆ ಬಡಿಯಿತು.
ಎಡಮೂಲೆಯಲ್ಲಿ ಏಳಲೇ ಇಲ್ಲ.

ಆ ಹೊತ್ತಿಗೆ ಚುಬ್ರ ಬಂದ, ಕಾರ್ಡಿನ ಫೋಟೋಗೆ.
ತಿತಿಮತಿ ಕಡೆಯ ತೋಟಗಳಲ್ಲಿ ಮರ ಕಪಾತು ಮಾಡುವವನು.
ಒಂಟಿ ಬಿದಿರೇಣಿಯನ್ನು ಕೆಳಗೆ ಟೈಲರನ ಗೋಡೆಗೆ ಒರಗಿಸಿ
ಕತ್ತಿ ಸೊಂಟದಲ್ಲೇ ಇಟ್ಟುಕೊಂಡು ಮೇಲೆ ಬಂದವನು
ಗಾಜಿಗೆ ಹಣೆ ಹಚ್ಚಿ ನೋಡಿದ.
"ಇದು ಹೂವಾ, ಕಲ್ಲಾ?"
"ಪ್ರಾಣಿ" ಅಂದೆ.
ನಕ್ಕ. ಆಮೇಲೆ ನಗಲಿಲ್ಲ.
"ನಡುವಿನದನ್ನು ಬಿಸಿಲು ತಿಂದಿದೆಯಲ್ಲ ಅಕ್ಕ.
ಹಾಲುವಾಣ ಮುರಿದು ಬಿದ್ದ ಕಡೆ
ಕಾಫಿ ಗಿಡ ಹೀಗೇ ಬಿಳಿಚಿಕೊಳ್ಳುತ್ತೆ."

ಒಂದೇ ತೂತಲ್ಲಿ ಬಿಡಬಾರದಂತೆ ಬಿಸಿಲನ್ನು.
ಇಲ್ಲೊಂದು ರೆಂಬೆ, ಅಲ್ಲೊಂದು ರೆಂಬೆ ತೆಗೆದು
ಸೋಸಿ ಇಳಿಸಬೇಕಂತೆ.
ಮರದ ಮೇಲೆ ಕೂತವನಿಗೆ ಅದು ತಿಳಿಯುವುದಿಲ್ಲ,
ಇಳಿದು, ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು
ನೆಲದ ಮೇಲಿನ ಚುಕ್ಕೆ ಎಣಿಸಬೇಕಂತೆ,
ಮತ್ತೆ ಹತ್ತಬೇಕಂತೆ, ಮತ್ತೆ ಇಳಿಯಬೇಕಂತೆ.
ಸಾಹುಕಾರರು ಮರ ನೋಡುತ್ತ ನಿಂತಿರುತ್ತಾರಂತೆ, ಸಿಗರೇಟು ಹಚ್ಚಿಕೊಂಡು.

ಕೂತೆ. ತೊಟ್ಟಿಯ ತಳಕ್ಕೆ ಕಣ್ಣು ಸಮ ಮಾಡಿ.
ಅವನು ದೀಪವನ್ನು ಒಂದು ಗೇಣು ಮೇಲೆತ್ತಿದ.
ಇನ್ನೊಂದು ದೀಪ ಆಚೆ ತುದಿಗೆ,
ಇದರ ನೆರಳನ್ನು ಅದು ತೊಳೆಯುವ ಹಾಗೆ.
ಸಾಫ್ಟ್‌ಬಾಕ್ಸಿನ ಬಿಳಿ ಬಟ್ಟೆ ಬಿಚ್ಚಿ ಅಡ್ಡ ಕಟ್ಟಿದೆವು.
ಮುಳ್ಳು ಎಡಮೂಲೆಯಲ್ಲೂ ಎದ್ದಿತು,
ಮಂಡಿ ನೋವಿನವರು ಏಳುವ ಹಾಗೆ, ಆದರೂ ಎದ್ದಿತು.
ಬಂಡೆಯಡಿಯ ಅಣಬೆ ಹವಳಕ್ಕೆ ನೆರಳೇ ಬೇಕು.
ಅದನ್ನು ಅದರ ಪಾಡಿಗೆ ಬಿಟ್ಟೆ.

ಅವನ ಫೋಟೋ ಮರೆತೇಹೋಗಿತ್ತು.
ಸ್ಟೂಲಿನ ಮೇಲೆ ಕೂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.
ನನ್ನ ಕೈ ತಾನಾಗಿ ದೀಪದ ತಿರುಪಿಗೆ ಹೋಯಿತು,
ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ರೂಢಿ.

"ಹೋದ ಸಲ ಬೆಳ್ಳಗೆ ಮಾಡಿಬಿಟ್ಟಿದ್ದಿರಿ.
ರೇಷನ್ ಅಂಗಡಿಯವನು, ಇದು ನೀನಲ್ಲ ಅಂದ."

ನಡುವಿನ ಹವಳ ಮತ್ತೆ ಬಣ್ಣ ಹಿಡಿಯುತ್ತೋ ಇಲ್ಲವೋ
ಇವತ್ತಿಗೂ ಗೊತ್ತಿಲ್ಲ.
ತಿರುಪನ್ನು ಹಿಂದಕ್ಕೆ ತಿರುಗಿಸಿದೆ
ಅವನ ಕೆನ್ನೆಯ ಕಪ್ಪು ಕಪ್ಪಾಗಿಯೇ ನಿಲ್ಲುವವರೆಗೆ.
ಗದ್ದದ ಕೆಳಗೆ ಮೀಟರು ಹಿಡಿದಾಗ
ಚೀಲದಿಂದ ಒಂದು ಹನಿ ಅವನ ಮಂಡಿಯ ಮೇಲೆ ಬಿತ್ತು.
ಬೆರಳಲ್ಲಿ ಒರೆಸಿಕೊಂಡ,
ನೆಕ್ಕಿ ನೋಡಿದ.